ಮನೆಯ ಗಣಕಯಂತ್ರಕ್ಕೆ ಕಾವಲು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಬೆಳಗಿನ ಹೊತ್ತಿನಲ್ಲಿ ಒಮ್ಮೆಯಾದರೂ ನೋಡದವರು ನಮ್ಮ ಸೀಮೆಯಲ್ಲಿ ವಿರಳ. ಕನಕಪುರ, ಮಾಗಡಿ, ಚನ್ನಪಟ್ಟಣಗಳ ಕಡೆಯಿಂದ ರೈತರು ಗೂಡನ್ನು ಚೀಲಗಳಲ್ಲಿ ತಂದು ಜಾಲರಿಗಳಲ್ಲಿ ಸುರಿಯುತ್ತಾರೆ. ರೀಲರುಗಳು ಒಂದು ಹಿಡಿ ಗೂಡನ್ನು ಕೈಗೆತ್ತಿಕೊಂಡು, ಕಿವಿಯ ಬಳಿ ಅಲುಗಿಸಿ, ಬೆರಳಿನಿಂದ ಒತ್ತಿ ನೋಡಿ ಬೆಲೆ ಕಟ್ಟುತ್ತಾರೆ. ಹಿಂದೆ ಹರಾಜು ಬಾಯಿಂದ ನಡೆಯುತ್ತಿತ್ತು. ಹಣ ಕೈಯಿಂದ ಕೈಗೆ ಸಲ್ಲುತ್ತಿತ್ತು. ಈಗ ತೂಕ, ಹರಾಜು, ಪಾವತಿ ಈ ಮೂರೂ ಗಣಕಯಂತ್ರದ ಮೂಲಕ ನಡೆಯುತ್ತವೆ. ಸುಮಾರು ಒಂದು ತಿಂಗಳು ಹಗಲಿರುಳು ಹುಳುವನ್ನು ಸಾಕಿದ ಕುಟುಂಬದ ದುಡಿಮೆಯ ಫಲವು ನೋಟುಗಳ ಕಂತೆಯಾಗಿ ಅಲ್ಲ, ಬ್ಯಾಂಕಿನ ಖಾತೆಯ ಒಂದು ಸಂಖ್ಯೆಯಾಗಿ ಮನೆಗೆ ಬರುತ್ತದೆ.

ಇದರಿಂದ ಅನುಕೂಲವೇ ಹೆಚ್ಚು. ದಾರಿಯಲ್ಲಿ ಕಿಸೆಗಳ್ಳರ ಭಯವಿಲ್ಲ, ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಹಣವು ರೂಪವನ್ನು ಬದಲಿಸಿದಂತೆ ಕಳ್ಳತನವೂ ತನ್ನ ರೂಪವನ್ನು ಬದಲಿಸಿದೆ.

ಕಳೆದ ವರ್ಷ ನಮ್ಮ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕೆಲವು ದಿನ ಕಾಲೇಜಿಗೆ ಬರಲಿಲ್ಲ. ಬಂದ ದಿನ ಕಾರಣವನ್ನು ವಿಚಾರಿಸಿದೆವು. ಆಕೆಯ ತಂದೆ ಕನಕಪುರ ತಾಲ್ಲೂಕಿನ ಒಂದು ಹಳ್ಳಿಯ ರೈತರು. ಗೂಡು ಮಾರಿದ ಮರುದಿನ ಅವರ ಮೊಬೈಲಿಗೆ ವಾಟ್ಸಾಪಿನಲ್ಲಿ ಒಂದು ಸಂದೇಶ ಬಂದಿತು: "ನಿಮ್ಮ ಖಾತೆಯ ಗುರುತಿನ ದಾಖಲೆಗಳನ್ನು ಇಂದೇ ನವೀಕರಿಸದಿದ್ದರೆ ಖಾತೆ ಸ್ಥಗಿತವಾಗುವುದು." ಜೊತೆಯಲ್ಲಿ ಒಂದು ಕಡತವಿತ್ತು. ಬ್ಯಾಂಕಿನ ಚಿಹ್ನೆಯೂ ಇತ್ತು. ಅವರು ಅದನ್ನು ಒತ್ತಿದರು. ಕೇಳಿದ ಅನುಮತಿಗಳಿಗೆಲ್ಲ ಒಪ್ಪಿಗೆ ಕೊಟ್ಟರು. ಕೇಳಿದ ವಿವರಗಳನ್ನು ತುಂಬಿದರು. ಆ ರಾತ್ರಿ ಒಂದು ಬೆಳೆಯ ಹಣ ಪೂರ್ತಿಯಾಗಿ ಹೋಯಿತು. ನಾಚಿಕೆಯಿಂದ ಅವರು ಎರಡು ದಿನ ಆ ಸಂಗತಿಯನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

"ಅಪ್ಪ ಓಟಿಪಿಯನ್ನು ಯಾರಿಗೂ ಹೇಳಿಲ್ಲ ಸಾರ್. ಹಾಗಿದ್ದ ಮೇಲೆ ಹಣ ಹೇಗೆ ಹೋಯಿತು?" ಎಂದು ಆಕೆ ನಮ್ಮನ್ನು ಕೇಳಿದಳು. ಪ್ರಶ್ನೆ ನ್ಯಾಯವಾದುದು. ಅದಕ್ಕೆ ಉತ್ತರ ಹೇಳಬೇಕಾದರೆ ಗಣಕಯಂತ್ರವು ಹೇಗೆ ಕೆಲಸ ಮಾಡುತ್ತದೆ, ಅದರೊಳಕ್ಕೆ ಅನ್ಯರು ಹೇಗೆ ಪ್ರವೇಶಿಸುತ್ತಾರೆ ಎಂಬುದನ್ನು ಮೊದಲು ತಿಳಿಯಬೇಕು. ನಮ್ಮ ಕಿಸೆಯಲ್ಲಿರುವ ಮೊಬೈಲು ಕೂಡ ಪೂರ್ಣಪ್ರಮಾಣದ ಗಣಕಯಂತ್ರವೇ ಆದುದರಿಂದ ಮುಂದೆ ಹೇಳುವುದೆಲ್ಲ ಎರಡಕ್ಕೂ ಅನ್ವಯಿಸುತ್ತದೆ.

ಹೇಳಿದ್ದನ್ನು ಮಾಡುವ ಯಂತ್ರ

ಗಣಕಯಂತ್ರದ ಸ್ಮೃತಿಯಲ್ಲಿ ಇರುವುದೆಲ್ಲ ಸೊನ್ನೆ ಮತ್ತು ಒಂದು ಎಂಬ ಎರಡು ಅಂಕಿಗಳ ಸಾಲುಗಳು. ನಮ್ಮ ಛಾಯಾಚಿತ್ರವೂ ಅಂಕಿಗಳ ಸಾಲು. ಬ್ಯಾಂಕಿನ ಪತ್ರವೂ ಅಂಕಿಗಳ ಸಾಲು. ಯಂತ್ರವು ಏನು ಮಾಡಬೇಕೆಂದು ತಿಳಿಸುವ ಆಜ್ಞೆಗಳೂ ಅಂಕಿಗಳ ಸಾಲುಗಳೇ. ಈ ಆಜ್ಞೆಗಳ ಸರಣಿಗೆ ತಂತ್ರಾಂಶವೆಂದು ಹೆಸರು. ಆಜ್ಞೆ ಯಾರಿಂದ ಬಂದಿತು, ಅದರ ಉದ್ದೇಶವೇನು ಎಂಬ ವಿವೇಚನೆ ಯಂತ್ರಕ್ಕೆ ಸಹಜವಾಗಿ ಇಲ್ಲ. ಲೆಕ್ಕ ಮಾಡೆಂದರೆ ಮಾಡುತ್ತದೆ. ಬಂದ ಸಂದೇಶಗಳನ್ನೆಲ್ಲ ದೂರದ ಒಬ್ಬನಿಗೆ ರವಾನಿಸೆಂದರೆ ಅದನ್ನೂ ಅಷ್ಟೇ ಶ್ರದ್ಧೆಯಿಂದ ಮಾಡುತ್ತದೆ. ಮೇಲೆ ಹೇಳಿದ ರೈತರ ಮೊಬೈಲಿನಲ್ಲಿ ಆದದ್ದು ಇದೇ. ಅವರು ತೆರೆದದ್ದು ಪತ್ರವಲ್ಲ, ತಂತ್ರಾಂಶ. ಅದಕ್ಕೆ ಸಂದೇಶಗಳನ್ನು ಓದುವ ಅನುಮತಿಯನ್ನು ಅವರೇ ಕೊಟ್ಟಿದ್ದರು. ಬ್ಯಾಂಕು ಕಳುಹಿಸಿದ ಓಟಿಪಿ ಅವರ ಬಾಯಿಂದ ಹೊರಬೀಳದೆಯೇ ಕಳ್ಳನಿಗೆ ತಲುಪಿತು.

ಇಂತಹ ಕೇಡಿನ ತಂತ್ರಾಂಶಗಳಲ್ಲಿ ಹಲವು ಜಾತಿಗಳುಂಟು. ರೇಷ್ಮೆಯ ಹುಳುವನ್ನು ಸಾಕಿದವರಿಗೆ ಅವುಗಳನ್ನು ವಿವರಿಸುವುದು ಕಷ್ಟವಲ್ಲ. ಹಾಲುತೊಂಡೆ ರೋಗವನ್ನು ಎಲ್ಲರೂ ಬಲ್ಲರು. ಅದಕ್ಕೆ ಕಾರಣ ಒಂದು ವೈರಸ್. ವೈರಸ್ಸು ತನ್ನಷ್ಟಕ್ಕೆ ತಾನೇ ವೃದ್ಧಿಯಾಗಲಾರದು. ಹುಳುವಿನ ಜೀವಕೋಶವನ್ನು ಹೊಕ್ಕು, ಆ ಕೋಶದ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಮತ್ತೊಂದು ತಂತ್ರಾಂಶದೊಳಗೆ ಸೇರಿಕೊಂಡು, ಅದು ನಡೆದಾಗಲೆಲ್ಲ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುವ ತಂತ್ರಾಂಶಕ್ಕೂ ಇದೇ ಕಾರಣದಿಂದ ವೈರಸ್ ಎಂಬ ಹೆಸರು ಬಂದಿದೆ. ಇನ್ನೊಬ್ಬರ ಆಸರೆಯಿಲ್ಲದೆ, ಜಾಲದ ಮೂಲಕ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ಹರಿದುಹೋಗುವುದು ಎರಡನೆಯ ಜಾತಿ. ಇದನ್ನು ವರ್ಮ್, ಅಂದರೆ ಹುಳು, ಎನ್ನುತ್ತಾರೆ. ೧೯೮೮ರ ನವೆಂಬರ್ ೨ರಂದು ಅಮೆರಿಕದ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಇಂತಹ ಒಂದು ಹುಳುವು ಆಗಿನ ಅಂತರಜಾಲದ ಸುಮಾರು ಆರು ಸಾವಿರ ಗಣಕಗಳನ್ನು ನಿಶ್ಚೇಷ್ಟಗೊಳಿಸಿತೆಂದು ಅಂದಾಜು. ಉಪಕಾರಿಯಂತೆ ವೇಷ ತೊಟ್ಟು, ನಮ್ಮ ಕೈಯಿಂದಲೇ ಬಾಗಿಲು ತೆರೆಸಿಕೊಂಡು ಒಳಬರುವುದು ಮೂರನೆಯ ಜಾತಿ. ಮದುವೆಯ ಆಮಂತ್ರಣ, ಸಂಚಾರ ಪೊಲೀಸರ ದಂಡದ ಚೀಟಿ, ಬ್ಯಾಂಕಿನ ನೋಟೀಸು ಎಂಬ ಹೆಸರಿನಲ್ಲಿ ಮೊಬೈಲಿಗೆ ಬರುವ 'ಎಪಿಕೆ' ಕಡತಗಳು ಈ ಜಾತಿಗೆ ಸೇರಿದವು.

ಮೊಟ್ಟೆಯನ್ನು ಎಲ್ಲಿಂದ ತರಬೇಕು?

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಫ್ರಾನ್ಸ್ ದೇಶದ ರೇಷ್ಮೆ ಕೈಗಾರಿಕೆಯು ಗಂಟುರೋಗದಿಂದ ನಾಶವಾಗುವ ಸ್ಥಿತಿಗೆ ಬಂದಿತ್ತು. ೧೮೬೫ರಲ್ಲಿ ಲೂಯಿ ಪಾಶ್ಚರನು ಅದರ ಅಧ್ಯಯನವನ್ನು ಕೈಗೊಂಡನು. ರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆಂದು ಆತನು ತೋರಿಸಿದನು. ಆತನು ಸೂಚಿಸಿದ ಉಪಾಯ ಸರಳವಾದುದು: ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು, ರೋಗಾಣು ಕಂಡರೆ ಆ ಮೊಟ್ಟೆಗಳನ್ನು ನಾಶಮಾಡುವುದು. ರೋಗರಹಿತ ಮೊಟ್ಟೆಗಳ ತಯಾರಿಕೆಗೆ ಇಂದಿಗೂ ಈ ಪರೀಕ್ಷೆಯೇ ಆಧಾರ. ಮೊಟ್ಟೆಯ ಹೊರನೋಟದಿಂದ ರೋಗವನ್ನು ಕಂಡುಹಿಡಿಯುವುದು ರೈತನಿಗೆ ಸಾಧ್ಯವಿಲ್ಲ. ಆದುದರಿಂದಲೇ ಅವನು ಪರೀಕ್ಷಿಸಿದ ಮೊಟ್ಟೆಯನ್ನೇ ಕೊಳ್ಳುತ್ತಾನೆ.

ತಂತ್ರಾಂಶದ ವಿಷಯದಲ್ಲಿಯೂ ನಮ್ಮ ಸ್ಥಿತಿ ಇದೇ. ಅದರ ಚಿಹ್ನೆಯನ್ನು ನೋಡಿ ಒಳಗೇನಿದೆಯೆಂದು ಹೇಳಲು ನಮ್ಮಿಂದಾಗದು. ಹೀಗಿರುವಾಗ ಅದು ಬಂದ ಮೂಲವನ್ನಾದರೂ ನಾವು ವಿಚಾರಿಸಬೇಕಷ್ಟೆ. ಮೊಬೈಲಿನ ತಯಾರಕರು ನಡೆಸುವ ಅಧಿಕೃತ ಭಂಡಾರಗಳಲ್ಲಿ ತಂತ್ರಾಂಶಕ್ಕೆ ಒಂದು ಮಟ್ಟಿನ ಪರೀಕ್ಷೆಯುಂಟು; ಕೇಡಿನ ತಂತ್ರಾಂಶವು ಆ ಪರೀಕ್ಷೆಯನ್ನು ದಾಟಿ ಬಂದ ನಿದರ್ಶನಗಳು ಇದ್ದರೂ ಅವು ವಿರಳ. ವಾಟ್ಸಾಪಿನಲ್ಲಿ ಬಂದ ಕಡತಕ್ಕೆ ಅಷ್ಟೂ ಪರೀಕ್ಷೆಯಿಲ್ಲ. ಹಣ ಕೊಟ್ಟು ಪಡೆಯಬೇಕಾದ ತಂತ್ರಾಂಶದ 'ಉಚಿತ' ಪ್ರತಿಗಳನ್ನು ಹಂಚುವವರು ಅದರೊಳಗೆ ತಮ್ಮ ಆಜ್ಞೆಗಳನ್ನು ಸೇರಿಸಿರುವ ಸಂಭವ ಹೆಚ್ಚು. ದೀಪ ಹೊತ್ತಿಸುವ ತಂತ್ರಾಂಶವು ನಮ್ಮ ಸಂದೇಶಗಳನ್ನು ಓದಲು ಅನುಮತಿ ಕೇಳಿದರೆ, ದೀಪಕ್ಕೂ ಸಂದೇಶಕ್ಕೂ ಏನು ಸಂಬಂಧವೆಂದು ನಾವು ಯೋಚಿಸಬೇಕು. ಸಂಬಂಧ ತೋರದಿದ್ದರೆ ಅನುಮತಿಯನ್ನು ಕೊಡಬಾರದು.

ಕಿಟಕಿಗೆ ಬಲೆ

ಮೂಲವು ಶುದ್ಧವಾಗಿದ್ದ ಮಾತ್ರಕ್ಕೆ ಅಪಾಯ ತೀರಲಿಲ್ಲ. ಇದಕ್ಕೂ ನಮ್ಮ ಹುಳುಮನೆಯೇ ಸಾಕ್ಷಿ. ಊಜಿ ನೊಣವು ೧೯೮೦ಕ್ಕೆ ಮೊದಲು ಕರ್ನಾಟಕದಲ್ಲಿ ಇರಲಿಲ್ಲ. ಆ ವರ್ಷ ಪಶ್ಚಿಮ ಬಂಗಾಳದಿಂದ ಬಂದ ಗೂಡುಗಳೊಡನೆ ಅದು ಇಲ್ಲಿಗೆ ಬಂದಿತು. ಈ ನೊಣವು ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿಯು ಹುಳುವಿನ ಮೈಯನ್ನು ಕೊರೆದು ಒಳಗೆ ಬೆಳೆಯುತ್ತದೆ. ಹುಳು ಗೂಡು ಕಟ್ಟಿದ ಮೇಲೂ ಅದನ್ನು ತೂತುಮಾಡಿಕೊಂಡು ಹೊರಬೀಳಬಲ್ಲದು. ತೂತಾದ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ರೈತರು ಹುಳುಮನೆಯ ಕಿಟಕಿ ಬಾಗಿಲುಗಳಿಗೆ ನೈಲಾನ್ ಬಲೆಯನ್ನು ಕಟ್ಟತೊಡಗಿದರು. ಬಲೆಯಲ್ಲಿ ಒಂದು ಕಡೆ ಹರಿದಿದ್ದರೂ ನೊಣಕ್ಕೆ ಅಷ್ಟೇ ಸಾಕು.

ಗಣಕಯಂತ್ರದ ತಂತ್ರಾಂಶದಲ್ಲಿ ಲಕ್ಷೋಪಲಕ್ಷ ಸಾಲುಗಳ ಆಜ್ಞೆಗಳಿರುತ್ತವೆ. ಬರೆದವರು ಮನುಷ್ಯರಾದುದರಿಂದ ಅಲ್ಲಲ್ಲಿ ತಪ್ಪುಗಳು ಉಳಿಯುತ್ತವೆ. ಕೆಲವು ತಪ್ಪುಗಳು ಬಲೆಯ ಹರುಕಿನಂತೆ; ಅವುಗಳ ಮೂಲಕ ಹೊರಗಿನವರು ಒಳಬರಬಹುದು. ತಯಾರಕರಿಗೆ ಹರುಕು ತಿಳಿದೊಡನೆ ತೇಪೆಯನ್ನು ಕಳುಹಿಸುತ್ತಾರೆ. 'ಅಪ್‌ಡೇಟ್' ಎಂಬ ಸೂಚನೆಯಲ್ಲಿ ಬಹುಪಾಲು ಇರುವುದು ಈ ತೇಪೆಗಳೇ. ನಮ್ಮಲ್ಲಿ ಅನೇಕರು ಆ ಸೂಚನೆಯನ್ನು "ನಾಳೆ ನೋಡೋಣ" ಎಂದು ಸರಿಸುತ್ತೇವೆ. ಇದರ ಪರಿಣಾಮಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ವಿಂಡೋಸ್ ತಂತ್ರಾಂಶದ ಒಂದು ಹರುಕಿಗೆ ಮೈಕ್ರೋಸಾಫ್ಟ್ ಸಂಸ್ಥೆಯು ೨೦೧೭ರ ಮಾರ್ಚ್ ೧೪ರಂದು ತೇಪೆಯನ್ನು ಹೊರತಂದಿತು. ಅದೇ ಹರುಕಿನ ಮೂಲಕ ನುಗ್ಗುವ 'ವಾನ್ನಕ್ರೈ' ಎಂಬ ಹುಳುವು ಮೇ ೧೨ರಂದು ಹರಡಿತು. ಅದು ಗಣಕದಲ್ಲಿದ್ದ ಕಡತಗಳನ್ನೆಲ್ಲ ಗುಪ್ತಲಿಪಿಗೆ ತಿರುಗಿಸಿ, ಬಿಡಿಸಿಕೊಡಲು ಹಣ ಕೇಳುತ್ತಿತ್ತು. ಸುಮಾರು ೧೫೦ ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳು ಇದಕ್ಕೆ ತುತ್ತಾದವು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ತೇಪೆ ಹಾಕಿಕೊಳ್ಳಲು ಲೋಕಕ್ಕೆ ೫೯ ದಿನಗಳ ಅವಕಾಶವಿತ್ತು ಎಂಬುದನ್ನು ಗಮನಿಸಬೇಕು.

ಹಳೆಯ ತಂತ್ರಾಂಶಕ್ಕೆ ತಯಾರಕರು ಒಂದು ಕಾಲದ ನಂತರ ತೇಪೆ ಕಳುಹಿಸುವುದನ್ನೇ ನಿಲ್ಲಿಸುತ್ತಾರೆ. ಅನೇಕ ಮನೆಗಳಲ್ಲಿರುವ ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ಅಂತಹ ಯಂತ್ರವನ್ನು ಹೊಸ ಆವೃತ್ತಿಗೆ ಏರಿಸಬೇಕು. ಅದು ಆಗದಿದ್ದರೆ ಬ್ಯಾಂಕಿನ ವ್ಯವಹಾರಕ್ಕಾದರೂ ಅದನ್ನು ಬಳಸಬಾರದು.

ಮನೆಗೆ ಅಂತರಜಾಲವನ್ನು ತರುವ ರೌಟರ್ ಎಂಬ ಪುಟ್ಟ ಪೆಟ್ಟಿಗೆಯನ್ನು ಎಲ್ಲರೂ ಮರೆಯುತ್ತಾರೆ. ಅದೂ ಗಣಕವೇ. ಕಾರ್ಖಾನೆಯಿಂದ ಬರುವಾಗ ಅದರ ಪಾಸ್‌ವರ್ಡ್ ಹಲವು ವೇಳೆ ಎಲ್ಲ ಪೆಟ್ಟಿಗೆಗಳಿಗೂ ಒಂದೇ ಆಗಿರುತ್ತದೆ. ೨೦೧೬ರಲ್ಲಿ 'ಮಿರಾಯ್' ಎಂಬ ತಂತ್ರಾಂಶವು ಇಂತಹ ಸುಮಾರು ೬೦ ಕಾರ್ಖಾನೆಯ ಪಾಸ್‌ವರ್ಡುಗಳನ್ನು ಒಂದೊಂದಾಗಿ ಪ್ರಯತ್ನಿಸಿಯೇ ಲಕ್ಷಾಂತರ ರೌಟರುಗಳನ್ನೂ ಕ್ಯಾಮರಾಗಳನ್ನೂ ವಶಪಡಿಸಿಕೊಂಡು, ಅವೆಲ್ಲವನ್ನೂ ಒಟ್ಟಿಗೆ ದೊಡ್ಡ ಜಾಲತಾಣಗಳ ಮೇಲೆ ದಾಳಿಗೆ ಹಚ್ಚಿತು. ಪೆಟ್ಟಿಗೆಯನ್ನು ಮನೆಗೆ ತಂದ ದಿನವೇ ಅದರ ಪಾಸ್‌ವರ್ಡನ್ನು ಬದಲಿಸುವುದು ಒಳ್ಳೆಯದು.

ಚನ್ನಪಟ್ಟಣದ ದಾಳಗಳು

ಈಗ ಪಾಸ್‌ವರ್ಡಿನ ಲೆಕ್ಕವನ್ನು ನೋಡೋಣ. ಜಾಲತಾಣಗಳು ನಮ್ಮ ಪಾಸ್‌ವರ್ಡನ್ನು ಇದ್ದ ಹಾಗೆಯೇ ಬರೆದಿಡುವುದಿಲ್ಲ, ಅಥವಾ ಇಡಬಾರದು. ಅದನ್ನು ಒಂದು ಗಣಿತ ವಿಧಾನದಿಂದ ಬೀಸಿ ಬಂದ ಹಿಟ್ಟನ್ನು ಮಾತ್ರ ಇಡುತ್ತವೆ. ರಾಗಿಯನ್ನು ಬೀಸಿದರೆ ಹಿಟ್ಟಾಗುತ್ತದೆ. ಹಿಟ್ಟಿನಿಂದ ಮತ್ತೆ ರಾಗಿಯ ಕಾಳನ್ನು ಮಾಡಲಾಗದು. ಆದರೆ ಒಂದೇ ಪದವನ್ನು ಎಷ್ಟು ಸಲ ಬೀಸಿದರೂ ಬರುವ ಹಿಟ್ಟು ಒಂದೇ. ಕಳ್ಳನ ಕೈಗೆ ಹಿಟ್ಟಿನ ಪಟ್ಟಿ ಸಿಕ್ಕಿತೆನ್ನೋಣ. ಅವನು ತನ್ನ ಯಂತ್ರದಲ್ಲಿ ಊಹೆಯ ಪದಗಳನ್ನು ಬೀಸುತ್ತ ಹೋಗುತ್ತಾನೆ. ಯಾವುದರ ಹಿಟ್ಟು ಪಟ್ಟಿಯ ಹಿಟ್ಟಿಗೆ ಹೊಂದಿತೋ ಅದೇ ಪಾಸ್‌ವರ್ಡ್. ಬೀಸುವ ವಿಧಾನವು ಹಳೆಯದೂ ವೇಗದ್ದೂ ಆಗಿದ್ದರೆ ಇಂದಿನ ಒಂದು ಯಂತ್ರವು ಸೆಕೆಂಡಿಗೆ ೧೦೦ ಕೋಟಿಗೂ ಹೆಚ್ಚು ಊಹೆಗಳನ್ನು ಮಾಡಬಲ್ಲದು. ಲೆಕ್ಕಕ್ಕೆ ೧೦೦ ಕೋಟಿ ಎಂದೇ ಇಟ್ಟುಕೊಳ್ಳೋಣ.

ಮಕ್ಕಳ ಹೆಸರಿನ ಮುಂದೆ ಹುಟ್ಟಿದ ವರ್ಷವನ್ನು ಸೇರಿಸುವುದು ಸಾಮಾನ್ಯವಾದ ಅಭ್ಯಾಸ. ಬಳಕೆಯಲ್ಲಿರುವ ಹೆಸರುಗಳು ಐದು ಸಾವಿರ, ವರ್ಷಗಳು ನೂರು ಎಂದರೂ ಒಟ್ಟು ಐದು ಲಕ್ಷ ಸಾಧ್ಯತೆಗಳು. ಇವೆಲ್ಲವನ್ನೂ ಪರೀಕ್ಷಿಸಲು ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗವೂ ಬೇಡ. ಅರ್ಥವಿಲ್ಲದ ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳಾದರೆ? ಪ್ರತಿಯೊಂದು ಸ್ಥಾನಕ್ಕೂ ೨೬ ಅಕ್ಷರಗಳು. ೨೬ನ್ನು ಎಂಟು ಸಲ ಗುಣಿಸಿದರೆ ಸುಮಾರು ೨೦,೮೮೨ ಕೋಟಿ. ದೊಡ್ಡ ಸಂಖ್ಯೆಯೆಂದು ತೋರುತ್ತದೆ. ಆದರೆ ೨೦೯ ಸೆಕೆಂಡು, ಎಂದರೆ ಮೂರೂವರೆ ನಿಮಿಷದಲ್ಲಿ ಅದು ಮುಗಿಯುತ್ತದೆ. ಅದೇ ಹನ್ನೆರಡು ಅಕ್ಷರಗಳಾದರೆ ಮೂರು ವರ್ಷಗಳು ಹಿಡಿಯುತ್ತವೆ. ನಾಲ್ಕು ಅಕ್ಷರಗಳನ್ನು ಹೆಚ್ಚಿಸಿದ್ದಕ್ಕೆ ಕಾಲವು ನಾಲ್ಕೂವರೆ ಲಕ್ಷ ಪಟ್ಟು ಹೆಚ್ಚಿತು! ಪಾಸ್‌ವರ್ಡಿನ ಬಲವು ಮುಖ್ಯವಾಗಿ ಇರುವುದು ಉದ್ದದಲ್ಲಿ ಎಂಬುದು ಇದರಿಂದ ಸ್ಪಷ್ಟ.

ಆದರೆ ಅರ್ಥವಿಲ್ಲದ ಉದ್ದನೆಯ ಅಕ್ಷರಮಾಲೆಯನ್ನು ನೆನಪಿಡುವುದು ಹೇಗೆ? ಇದಕ್ಕೊಂದು ಸೊಗಸಾದ ಉಪಾಯವುಂಟು. ತರಗತಿಯಲ್ಲಿ ೩೬ ವಿದ್ಯಾರ್ಥಿಗಳು ಇದ್ದಾರೆನ್ನೋಣ. ಪ್ರತಿಯೊಬ್ಬರೂ ಸುಲಭವಾದ ೩೬ ಕನ್ನಡ ಪದಗಳನ್ನು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬರೆಯದಂತೆ, ಬರೆಯಲಿ. ಒಟ್ಟು ೧,೨೯೬ ಪದಗಳಾದವು. ಆರನ್ನು ನಾಲ್ಕು ಸಲ ಗುಣಿಸಿದರೂ ಬರುವುದು ೧,೨೯೬. ಎಂದರೆ ದಾಳವನ್ನು ನಾಲ್ಕು ಸಲ ಎಸೆದರೆ ಪಟ್ಟಿಯ ಒಂದು ಪದವನ್ನು ಆರಿಸಬಹುದು. ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಮರದ ಬೊಂಬೆಗಳ ಜೊತೆಗೆ ಮರದ ಆಟದ ಸಾಮಾನುಗಳಿಗೂ ಬರವಿಲ್ಲ. ಒಂದು ದಾಳವನ್ನು ತಂದು ಇಪ್ಪತ್ತನಾಲ್ಕು ಸಲ ಎಸೆಯಿರಿ. ಆರು ಪದಗಳು ದೊರೆಯುತ್ತವೆ: ಹುಣಸೆ, ಕೊಡಲಿ, ಮಂಜು, ಅಜ್ಜಿ, ಚಕ್ರ, ಉಪ್ಪು ಎಂಬಂತೆ. ಅವನ್ನು ಕೂಡಿಸಿ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದರೆ ಅದೇ ಪಾಸ್‌ವರ್ಡ್. ಅಜ್ಜಿಯು ಮಂಜಿನಲ್ಲಿ ಕೊಡಲಿ ಹಿಡಿದು ಹುಣಸೆಯ ಮರಕ್ಕೆ ಹೊರಟಳೆಂದು ಒಂದು ಕಥೆ ಕಟ್ಟಿಕೊಂಡರೆ ನೆನಪಿಡುವುದು ಕಷ್ಟವಲ್ಲ. ಪದಗಳ ಪಟ್ಟಿ ಕಳ್ಳನ ಕೈಗೆ ಸಿಕ್ಕರೂ ಚಿಂತೆಯಿಲ್ಲ. ಆರನ್ನು ಇಪ್ಪತ್ತನಾಲ್ಕು ಸಲ ಗುಣಿಸಿದಾಗ ಬರುವ ಸಾಧ್ಯತೆಗಳನ್ನೆಲ್ಲ ನೋಡಲು ಅವನ ಯಂತ್ರಕ್ಕೆ ಸುಮಾರು ೧೫೦ ವರ್ಷಗಳು ಬೇಕು. ಇಲ್ಲಿ ಒಂದು ಎಚ್ಚರಿಕೆ: ಪದಗಳನ್ನು ಆರಿಸಬೇಕಾದುದು ದಾಳವೇ ಹೊರತು ನಮ್ಮ ಮನಸ್ಸಲ್ಲ. ಮನಸ್ಸು ಆರಿಸಿದರೆ ಊರು, ದೇವರು, ಸಿನಿಮಾ ನಟರ ಹೆಸರುಗಳೇ ಬರುತ್ತವೆ. ಅದು ಕಳ್ಳನಿಗೂ ತಿಳಿದಿರುತ್ತದೆ. ೧೯೮೮ರ ಮಾರಿಸ್ ಹುಳುವು ತನ್ನೊಡನೆ ೪೩೨ ಪದಗಳ ಒಂದು ಚಿಕ್ಕ ಪಟ್ಟಿಯನ್ನು ಹೊತ್ತು, ಆ ಪದಗಳಿಂದಲೇ ಪಾಸ್‌ವರ್ಡುಗಳನ್ನು ಊಹಿಸಲು ಯತ್ನಿಸುತ್ತಿತ್ತು. ಮೇಲೆ ಉದಾಹರಿಸಿದ ಆರು ಪದಗಳನ್ನೂ, ಅವು ಅಚ್ಚಾಗಿರುವುದರಿಂದ, ಯಾರೂ ಬಳಸಬಾರದು.

ಒಂದೇ ಪಾಸ್‌ವರ್ಡನ್ನು ಹಲವೆಡೆ ಬಳಸುವುದು ಮತ್ತೊಂದು ದೋಷ. ಒಂದು ಆಟದ ತಾಣದಿಂದ ಕದ್ದ ಕೀಲಿಯನ್ನು ಕಳ್ಳನು ಈಮೇಲಿನ ಬೀಗಕ್ಕೂ ಹಾಕಿ ನೋಡದೆ ಬಿಡುವುದಿಲ್ಲ. ಈಮೇಲು ಕೈಸೇರಿತೆಂದರೆ ಉಳಿದ ಖಾತೆಗಳ ಪಾಸ್‌ವರ್ಡನ್ನು ಅದರ ಮೂಲಕವೇ ಬದಲಿಸಬಹುದು. ಆದಕಾರಣ ಈಮೇಲಿಗೂ ಬ್ಯಾಂಕಿಗೂ ಪ್ರತ್ಯೇಕವಾದ ಪಾಸ್‌ವರ್ಡುಗಳಿರಬೇಕು. ಜೊತೆಗೆ ಎರಡನೆಯ ಹಂತದ ದೃಢೀಕರಣವನ್ನೂ ಇಟ್ಟುಕೊಳ್ಳಬೇಕು. ಎಲ್ಲವನ್ನೂ ನೆನಪಿಡಲಾಗದವರು ಪಾಸ್‌ವರ್ಡುಗಳನ್ನು ಭದ್ರವಾಗಿಡುವ ತಂತ್ರಾಂಶವನ್ನು ಬಳಸಬಹುದು. ಮನೆಯ ಹಿರಿಯರು ಒಂದು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಟ್ಟು ಬೀಗ ಹಾಕಿದರೂ ತಪ್ಪಿಲ್ಲ. ದೂರದ ದೇಶದಲ್ಲಿ ಕುಳಿತ ಕಳ್ಳನಿಗೆ ಆ ಬೀರು ಎಟುಕುವುದಿಲ್ಲ.

ಪಾಸ್‌ವರ್ಡಿನ ಬದಲು ಬೆರಳಚ್ಚೇ ಮೇಲಲ್ಲವೆ ಎಂದು ವಾಚಕರು ಕೇಳಬಹುದು. ಬೆರಳಚ್ಚಿನಲ್ಲಿ ಅನುಕೂಲವಿದೆ, ಆದರೆ ಒಮ್ಮೆ ಕಳವಾದರೆ ಅದನ್ನು ಬದಲಿಸಲಾಗದು. ೨೦೨೩ರಲ್ಲಿ ಬೆಂಗಳೂರಿನ ಪೊಲೀಸರಿಗೆ ಇಂತಹ ಹಲವು ದೂರುಗಳು ಬಂದವು. ಆಸ್ತಿಯ ನೋಂದಣಿ ಪತ್ರಗಳ ಪ್ರತಿಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ, ಆಧಾರ್ ಮೂಲಕ ಹಣ ಪಡೆಯುವ ವ್ಯವಸ್ಥೆಯಿಂದ ಮಾಲೀಕರ ಖಾತೆಗಳ ಹಣವನ್ನು ತೆಗೆಯಲಾಗಿತ್ತು. ಆಧಾರ್ ಪ್ರಾಧಿಕಾರವು ಬೆರಳಚ್ಚಿನ ಬಳಕೆಗೆ ಬೀಗ ಹಾಕಿಡುವ ಸೌಲಭ್ಯವನ್ನು ಕೊಟ್ಟಿದೆ. ಬೇಕಾದಾಗ ತೆರೆದು ಉಳಿದ ಕಾಲ ಮುಚ್ಚಿಡಬಹುದು. ಜಮೀನು ಕೊಂಡು ಮಾರಿದ ಕುಟುಂಬಗಳು ಇದನ್ನು ಮರೆಯದೆ ಮಾಡಬೇಕು.

ಸಾವನದುರ್ಗದ ಪಾಠ

ಮಾಗಡಿಯ ಸಮೀಪದ ಸಾವನದುರ್ಗವನ್ನು ಹತ್ತಿದವರಿಗೆ ಆ ಬಂಡೆಯ ಗಾತ್ರ ಗೊತ್ತು. ಸಮುದ್ರಮಟ್ಟದಿಂದ ೧,೨೨೬ ಮೀಟರು ಎತ್ತರದ ಆ ಕೋಟೆಯನ್ನು ಹಿಡಿಯುವುದು ಯಾರಿಂದಲೂ ಸಾಧ್ಯವಿಲ್ಲವೆಂದು ಒಂದು ಕಾಲದಲ್ಲಿ ಹೆಸರಾಗಿತ್ತು. ೧೭೯೧ರ ಡಿಸೆಂಬರ್ ೨೧ರಂದು ಕಾರ್ನ್‌ವಾಲಿಸನ ಸೈನ್ಯವು ಅದನ್ನು ಟಿಪ್ಪು ಸುಲ್ತಾನನ ಕಾವಲಿನವರಿಂದ ವಶಪಡಿಸಿಕೊಂಡಿತು. ಮೊದಲ ಗೋಡೆಯು ಫಿರಂಗಿಗಳಿಂದ ಬಿದ್ದುದು ನಿಜ. ಆದರೆ ಒಳಗಿನ ಬಾಗಿಲುಗಳು ಗಟ್ಟಿಯಾಗಿಯೇ ಇದ್ದವು. ಹಿಮ್ಮೆಟ್ಟಿ ಮೇಲಕ್ಕೆ ಓಡುತ್ತಿದ್ದ ತಮ್ಮವರಿಗಾಗಿ ಅವು ತೆರೆದಿದ್ದಾಗ ಅವರ ಬೆನ್ನಿಗೇ ವೈರಿಗಳೂ ಒಳನುಗ್ಗಿದರು. ಗಾಬರಿಯ ಆ ಗಳಿಗೆಯಲ್ಲಿ ಬಾಗಿಲನ್ನು ಮುಚ್ಚಲು ಸಮಯವಾಗಲಿಲ್ಲ.

ಗಾಬರಿಯನ್ನು ಹುಟ್ಟಿಸಿ, ಆಲೋಚನೆಗೆ ಸಮಯ ಕೊಡದಿರುವುದೇ ಇಂದಿನ ವಂಚಕರ ಮುಖ್ಯ ಆಯುಧ. "ಇಂದೇ ಖಾತೆ ನಿಲ್ಲುವುದು," "ರಾತ್ರಿಯೇ ವಿದ್ಯುತ್ ಕಡಿತವಾಗುವುದು," "ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ" ಎಂಬ ಮಾತುಗಳೆಲ್ಲ ಇದಕ್ಕಾಗಿಯೇ. ಪೊಲೀಸ್ ವೇಷದಲ್ಲಿ ವಿಡಿಯೋ ಕರೆಮಾಡಿ "ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಕರೆಯನ್ನು ಕತ್ತರಿಸಬಾರದು" ಎನ್ನುವವರೂ ಇದ್ದಾರೆ. ಭಾರತದ ಕಾನೂನಿನಲ್ಲಿ ಹೀಗೊಂದು ಬಂಧನವೇ ಇಲ್ಲ. ಅವಸರಪಡಿಸುವ ಸಂದೇಶ ಬಂದಾಗ ಕರೆಯನ್ನು ನಿಲ್ಲಿಸಿ, ಪಾಸ್‌ಬುಕ್ಕಿನ ಮೇಲೆ ಅಥವಾ ಕಾರ್ಡಿನ ಹಿಂದೆ ಅಚ್ಚಾಗಿರುವ ಸಂಖ್ಯೆಗೆ ನಾವೇ ಕರೆಮಾಡಿ ವಿಚಾರಿಸಬೇಕು. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲು. ಹಣ ಪಡೆಯಲು ಎಂದಿಗೂ ಬೇಡ. ಸಹಾಯ ಮಾಡುವೆವೆಂದು ಹೇಳಿ ನಮ್ಮ ಪರದೆಯನ್ನು ದೂರದಿಂದ ನೋಡುವ ತಂತ್ರಾಂಶವನ್ನು ಹಾಕಿಸುವವರನ್ನು ನಂಬಬಾರದು.

ಜಾಲತಾಣದ ವಿಳಾಸವನ್ನು ಓದುವ ಕ್ರಮವನ್ನೂ ತಿಳಿದಿರಬೇಕು. ಅಂಚೆಯ ವಿಳಾಸದಲ್ಲಿ ಮೊದಲು ಮನೆ, ಆಮೇಲೆ ಬೀದಿ, ಕೊನೆಗೆ ಊರು ಬರುತ್ತವೆ. ಪತ್ರವು ಯಾವ ಊರಿಗೆ ಹೋಗುವುದೆಂಬುದು ಕೊನೆಯ ಸಾಲಿನಿಂದ ತಿಳಿಯುತ್ತದೆ. ಜಾಲದ ವಿಳಾಸವೂ ಹಾಗೆಯೇ. 'ನಮ್ಮಬ್ಯಾಂಕ್ ಚುಕ್ಕೆ ಉಡುಗೊರೆಮನೆ ಚುಕ್ಕೆ ಕಾಮ್' ಎಂದಿದ್ದರೆ ಆ ತಾಣದ ಒಡೆಯನು 'ಉಡುಗೊರೆಮನೆ'ಯವನು. ಎಡಗಡೆಯಲ್ಲಿರುವ ಬ್ಯಾಂಕಿನ ಹೆಸರನ್ನು ಅವನು ತನ್ನ ಇಷ್ಟದಂತೆ ಬರೆದುಕೊಂಡಿದ್ದಾನೆ. ವಿಳಾಸದ ಪಕ್ಕದ ಬೀಗದ ಚಿಹ್ನೆಯು ನಮಗೂ ಆ ತಾಣಕ್ಕೂ ನಡುವಣ ದಾರಿ ಭದ್ರವೆಂದಷ್ಟೇ ತಿಳಿಸುತ್ತದೆ. ದಾರಿಯ ಕೊನೆಯಲ್ಲಿ ಕುಳಿತವನು ಸಜ್ಜನನೆಂದು ಅದು ಹೇಳುವುದಿಲ್ಲ.

ತಾಲ್ಲೂಕು ಕೇಂದ್ರಗಳ ಸೈಬರ್ ಸೆಂಟರುಗಳಲ್ಲಿ ಅರ್ಜಿ ತುಂಬುವ ವಿದ್ಯಾರ್ಥಿಗಳಿಗೆ ಒಂದು ಮಾತು. ಕೆಲಸ ಮುಗಿದ ಮೇಲೆ ಲಾಗ್‌ಔಟ್ ಮಾಡದೆ ಏಳಬಾರದು. ಅಂಕಪಟ್ಟಿ, ಆಧಾರ್ ಮೊದಲಾದವುಗಳ ಪ್ರತಿಗಳನ್ನು ಆ ಗಣಕದಿಂದ ಅಳಿಸಿ ಬರಬೇಕು.

ಹಗೇವು

ಹಳೆಯ ಮೈಸೂರು ಸೀಮೆಯ ರೈತರು ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಕಣಜಕ್ಕೆ ಏನಾದರೂ ಆದರೂ ಹಗೇವಿನ ಧಾನ್ಯ ಬರಗಾಲಕ್ಕೆ ಒದಗುತ್ತಿತ್ತು. ಗಣಕದಲ್ಲಿರುವ ಛಾಯಾಚಿತ್ರ, ಪಾಠದ ಟಿಪ್ಪಣಿ, ಜಮೀನಿನ ದಾಖಲೆಗಳಿಗೂ ಹಗೇವು ಬೇಕು. ಮುಖ್ಯವಾದ ಕಡತಗಳ ಒಟ್ಟು ಮೂರು ಪ್ರತಿಗಳಿರಲಿ. ಅವು ಎರಡು ಬೇರೆ ಬೇರೆ ಸಾಧನಗಳಲ್ಲಿ ಇರಲಿ. ಅವುಗಳಲ್ಲಿ ಒಂದು ಮನೆಯಿಂದ ಹೊರಗೆ, ನೆಂಟರ ಮನೆಯಲ್ಲಿಯೋ ಜಾಲದ ಭಂಡಾರದಲ್ಲಿಯೋ ಇರಲಿ. ಪ್ರತಿಯಿರುವ ಪೆಟ್ಟಿಗೆಯನ್ನು ಗಣಕಕ್ಕೆ ಸದಾ ಜೋಡಿಸಿಡಬಾರದು; ಜೋಡಿಸಿದ್ದರೆ ವಾನ್ನಕ್ರೈನಂತಹ ಹುಳುವು ಅದನ್ನೂ ತಿನ್ನುತ್ತದೆ.

ಇಷ್ಟೆಲ್ಲ ಮಾಡಿದರೂ ಒಮ್ಮೆ ಮೋಸಹೋಗುವ ಸಂಭವ ಇದ್ದೇ ಇದೆ. ಆಗ ಕಾಲವೇ ಮುಖ್ಯ. ಹಣ ಹೋದುದು ತಿಳಿದ ಕೂಡಲೇ ೧೯೩೦ ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆಮಾಡಬೇಕು. ಬ್ಯಾಂಕಿಗೆ ತಿಳಿಸಿ ಖಾತೆಯನ್ನು ತಡೆಹಿಡಿಸಬೇಕು. ಮೊಬೈಲನ್ನು ಜಾಲದಿಂದ ಬಿಡಿಸಬೇಕು. ಬಳಿಕ ಜಿಲ್ಲೆಯ ಸೈಬರ್ ಅಪರಾಧ ಠಾಣೆಗೆ ಲಿಖಿತ ದೂರು ಕೊಡಬೇಕು. ಕದ್ದ ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹರಿಯುತ್ತ ಹೋಗುತ್ತದೆ. ಮೊದಲ ಒಂದೆರಡು ಗಂಟೆಗಳೊಳಗೆ ಸುದ್ದಿ ಮುಟ್ಟಿದರೆ ಅದನ್ನು ದಾರಿಯಲ್ಲಿಯೇ ತಡೆಯುವ ಅವಕಾಶ ಹೆಚ್ಚು. ನೋಟಾಗಿ ಕೈಗೆ ಬಂದಮೇಲೆ ಅದನ್ನು ಹಿಡಿಯುವುದು ದುಸ್ತರ.

ನಮ್ಮ ವಿದ್ಯಾರ್ಥಿನಿಯ ಮನೆಯಲ್ಲಿ ಕಳೆದುಹೋದುದು ಈ ಎರಡು ಗಂಟೆಗಳೇ. ದೂರು ಕೊಡುವ ವೇಳೆಗೆ ಹಣವು ಹಲವು ಖಾತೆಗಳನ್ನು ದಾಟಿ ಹೋಗಿತ್ತು. ಅದು ಮರಳಿ ಬರಲಿಲ್ಲ. "ಓದಿದ ಮಗಳು ಏನೆನ್ನುವಳೋ ಎಂದು ಅಪ್ಪ ಅಂಜಿದರಂತೆ ಸಾರ್," ಎಂದು ಆಕೆ ಹೇಳಿದಾಗ ನಮಗೆ ಉತ್ತರ ತೋಚಲಿಲ್ಲ. ಅನಂತರ ಆ ಮನೆಯಲ್ಲಿ ಒಂದು ಪದ್ಧತಿಯನ್ನು ಮಾಡಿಕೊಂಡಿದ್ದಾರೆ. ಹಣಕ್ಕೆ ಸಂಬಂಧಿಸಿದ ಯಾವ ಸಂದೇಶ ಬಂದರೂ ತಂದೆ ಅದನ್ನು ಮುಟ್ಟದೆ ಮಗಳಿಗೆ ತೋರಿಸುತ್ತಾರೆ. ಮಗಳು ಎಷ್ಟು ಸಲ ತೋರಿಸಿದರೂ ಬೇಸರಪಡದೆ ನೋಡುತ್ತಾಳೆ. ಈಚೆಗೆ ಅವರು ತೋರಿಸಿದ ಒಂದು ಸಂದೇಶವು ನಿಜವಾಗಿಯೂ ಬ್ಯಾಂಕಿನದೇ ಆಗಿತ್ತಂತೆ. ಅದನ್ನೂ ಅವರು ಬ್ಯಾಂಕಿಗೆ ಹೋಗಿ ವಿಚಾರಿಸಿ ಬಂದ ಮೇಲೆಯೇ ನಂಬಿದರಂತೆ.

ಈ ಲೇಖನವನ್ನು ಓದುವ ತರುಣರಲ್ಲಿ ನಮ್ಮ ಕೋರಿಕೆ ಇಷ್ಟೆ. ಇಂದು ಸಂಜ�� ಮನೆಗೆ ಹೋದಮೇಲೆ ತಂದೆತಾಯಿಯರ ಮೊಬೈಲನ್ನು ಅವರ ಅನುಮತಿಯಿಂದ ತೆಗೆದುಕೊಂಡು, ಬಾಕಿ ಉಳಿದಿರುವ ತೇಪೆಗಳನ್ನು ಹಾಕಿರಿ; ಬೇಡದ ಅನುಮತಿಗಳನ್ನು ತೆಗೆಯಿರಿ; ೧೯೩೦ ಎಂಬ ಸಂಖ್ಯೆಯನ್ನು ಅದರಲ್ಲಿ ಬರೆದಿಡಿರಿ. ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಯಲ್ಲಿ ಹಿರಿಯರು ಕೇಳುವ ಪ್ರಶ್ನೆಗಳು ನಿಮಗೆ ತೀರ ಸಾಮಾನ್ಯವೆಂದು ತೋರಬಹುದು. ಆಗ ನಗಬೇಡಿರಿ, ಸಮಾಧಾನದಿಂದ ಉತ್ತರ ಕೊಡಿರಿ. ತಪ್ಪಾದಾಗ ಅಂಜದೆ ನಿಮ್ಮ ಬಳಿಗೆ ಬರುವ ಧೈರ್ಯವು ಅವರಿಗೆ ಅದರಿಂದ ಬರುತ್ತದೆ.